ಹಿರಿಯರ ಮರೆವಿನ ಕಾಯಿಲೆ: ಅದರ ಕಾರಣಗಳು ಮತ್ತು ಕನ್ನಡ ಶಾಲೆಯ ಪಾಲು

(ಗೋವೆಯ ಕನ್ನಡ ಮಾಧ್ಯಮ ಶಾಲೆಯೊಂದರ ಪಾಲಕರ ಸಭೆಯಲ್ಲಿ ಶಿಕ್ಷಕರೊಬ್ಬರು ಮಾಡಿದ ಭಾಷಣದ ಪಠ್ಯ)



ಪಾಲಕರ ಸಭೆಯೆಂದರೆ ಮಕ್ಕಳ ಹಾಜರಾತಿ, ಪಠ್ಯಪುಸ್ತಕ, ಪರೀಕ್ಷೆಯ ಅಂಕ ಇವುಗಳ ಮಾತು ಎಂದು ತಾವೆಲ್ಲ ಬಂದಿದ್ದೀರಿ. ಇಂದು ನಾನು ಆ ಮಕ್ಕಳ ಅಜ್ಜ ಅಜ್ಜಿಯರ ಕುರಿತು ಮಾತನಾಡಬೇಕೆಂದಿದ್ದೇನೆ. ಪ್ರತಿವರ್ಷ ಸೆಪ್ಟೆಂಬರ್ 21ನ್ನು ಜಗತ್ತಿನಾದ್ಯಂತ ಆಲ್ಝೈಮರ್ ದಿನವೆಂದು ಆಚರಿಸುತ್ತಾರೆ. ಈ ಹೆಸರು ನಮ್ಮಲ್ಲಿ ಹಲವರಿಗೆ ಹೊಸದಿರಬಹುದು, ಆದರೆ ಕಾಯಿಲೆ ಹೊಸದಲ್ಲ. ಅದಕ್ಕೆ ನಮ್ಮ ಹಿರಿಯರು ಒಂದು ಮಾತನ್ನೇ ಕಟ್ಟಿಟ್ಟಿದ್ದಾರೆ: ಅರವತ್ತಕ್ಕೆ ಅರಳು ಮರಳು.

ಈ ಗಾದೆ ನಮಗೆ ಒಂದು ಉಪಕಾರವನ್ನೂ ಒಂದು ಅಪಕಾರವನ್ನೂ ಮಾಡಿದೆ. ವಯಸ್ಸಾದವರು ಏನಾದರೂ ತಪ್ಪಿ ನಡೆದರೆ ಸಿಟ್ಟಾಗದೆ ಸಹಿಸಿಕೊಳ್ಳುವ ಬುದ್ಧಿಯನ್ನು ಅದು ನಮಗೆ ಕೊಟ್ಟಿತು. ಅದೇ ಹೊತ್ತಿಗೆ, ಕಾಯಿಲೆಯನ್ನು ಕಾಯಿಲೆಯೆಂದು ಗುರುತಿಸದೆ, "ವಯಸ್ಸಾಯಿತಲ್ಲ, ಇನ್ನೇನು" ಎಂದು ಕೈಬಿಡುವ ಅಭ್ಯಾಸವನ್ನೂ ಬೆಳೆಸಿತು. ಆ ಅಪಕಾರವನ್ನು ಸ್ವಲ್ಪ ಸರಿಪಡಿಸುವುದೇ ಇಂದಿನ ನನ್ನ ಮಾತಿನ ಉದ್ದೇಶ. ನಾನು ವೈದ್ಯನಲ್ಲ, ಶಿಕ್ಷಕ. ವೈದ್ಯರು ಬರೆದದ್ದನ್ನು ಓದಿ, ಪಾಠ ಮಾಡುವ ರೀತಿಯಲ್ಲಿಯೇ ತಮ್ಮ ಮುಂದಿಡುತ್ತೇನೆ.

ಮೊದಲು, ಸಾಧಾರಣ ಮರೆವು ಯಾವುದು, ಕಾಯಿಲೆ ಯಾವುದು ಎಂಬುದನ್ನು ನೋಡೋಣ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು, ಪರಿಚಯದವರ ಹೆಸರು ತಟ್ಟನೆ ನೆನಪಿಗೆ ಬಾರದಿರುವುದು ಎಲ್ಲರಿಗೂ ಆಗುತ್ತದೆ. ಸ್ವಲ್ಪ ಹೊತ್ತಿಗೆ ನೆನಪಾಗುತ್ತದೆ. ಆದರೆ ಊಟ ಮಾಡಿ ಕೈ ತೊಳೆದ ಹತ್ತು ನಿಮಿಷಕ್ಕೆ "ನನಗೆ ಊಟವನ್ನೇ ಹಾಕಿಲ್ಲ" ಎನ್ನುವುದು, ಇಪ್ಪತ್ತು ವರ್ಷ ನಡೆದಾಡಿದ ಓಣಿಯಲ್ಲಿ ಮನೆಯ ದಾರಿ ತಪ್ಪುವುದು, ದಿನವೂ ಮಾಡುತ್ತಿದ್ದ ರೊಟ್ಟಿಯ ಕೆಲಸದಲ್ಲಿ ಮುಂದೇನು ಮಾಡಬೇಕೆಂದು ತಿಳಿಯದೆ ನಿಲ್ಲುವುದು, ಹಣದ ಲೆಕ್ಕ ತಪ್ಪುವುದು, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ಶಾಂತ ಸ್ವಭಾವದವರು ಕಾರಣವಿಲ್ಲದೆ ಸಂಶಯಪಡುವುದು, ಇವು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತ ಹೋದರೆ ಅದು ಕೇವಲ ಮುಪ್ಪಲ್ಲ. ಇದನ್ನು ವೈದ್ಯರು ಡಿಮೆನ್ಷಿಯಾ ಎನ್ನುತ್ತಾರೆ. ಡಿಮೆನ್ಷಿಯಾಕ್ಕೆ ಹಲವು ಕಾರಣಗಳಿದ್ದು ಅವುಗಳಲ್ಲಿ ಅತಿ ಹೆಚ್ಚಾಗಿ ಕಾಣುವುದು ಆಲ್ಝೈಮರ್ ಕಾಯಿಲೆ. ಮೆದುಳಿಗೆ ರಕ್ತ ಸರಿಯಾಗಿ ಹರಿಯದೆ ಬರುವ ಬಗೆ ಇನ್ನೊಂದು. ಮುಪ್ಪಿನಲ್ಲಿ ಎರಡೂ ಕೂಡಿಯೇ ಇರುವುದು ಸಾಮಾನ್ಯ.

ನಮ್ಮ ಗೋವೆಯಲ್ಲಿಯೇ ಈ ಬಗ್ಗೆ ನಡೆದ ಒಂದು ಅಧ್ಯಯನವನ್ನು ಇಲ್ಲಿ ಹೇಳಬೇಕು. ಡಾ. ವಿಕ್ರಮ್ ಪಟೇಲ್ ಮತ್ತು ಡಾ. ಮಾರ್ಟಿನ್ ಪ್ರಿನ್ಸ್ ಎಂಬ ಮನೋವೈದ್ಯರು ಇಲ್ಲಿನ ಜನರೊಡನೆ ಮಾತನಾಡಿ 2001ರಲ್ಲಿ ತಮ್ಮ ವರದಿ ಪ್ರಕಟಿಸಿದರು. ಅವರಿಗೆ ಕಂಡದ್ದು ಎರಡು ಸಂಗತಿ. ಮರೆವಿನ ಕಾಯಿಲೆಯನ್ನು ಜನ ಮುಪ್ಪಿನ ಸಹಜ ಲಕ್ಷಣವೆಂದೇ ತಿಳಿದಿದ್ದರು, ಅದಕ್ಕೆ ವೈದ್ಯರ ಅಗತ್ಯವಿದೆಯೆಂದು ಭಾವಿಸಿರಲಿಲ್ಲ. ಜೊತೆಗೆ ಮುಪ್ಪಿನಲ್ಲಿ ಬರುವ ಮನಸ್ಸಿನ ತೊಂದರೆಗಳಿಗೆ ಮಕ್ಕಳ ಅಲಕ್ಷ್ಯ, ಪ್ರೀತಿಯ ಕೊರತೆಯೇ ಕಾರಣವೆಂದು ಹೇಳುತ್ತಿದ್ದರು. ಬಂಧುಗಳೆ, ಈ ಎರಡನೆಯ ಮಾತಿನ ಪೆಟ್ಟು ಯಾರಿಗೆ ಬೀಳುತ್ತದೆಂದು ತಮಗೆ ಗೊತ್ತು. "ಸೊಸೆ ಸರಿಯಾಗಿ ನೋಡಿಕೊಳ್ಳಲಿಲ್ಲ, ಅದಕ್ಕೇ ಮುದುಕಿಗೆ ಹೀಗಾಯಿತು" ಎಂಬ ಮಾತು ನಮ್ಮ ಓಣಿಗಳಲ್ಲಿ ಬೇಗ ಹುಟ್ಟುತ್ತದೆ. ಹಗಲು ಕೆಲಸಕ್ಕೆ ಹೋಗಿ, ರಾತ್ರಿ ನಿದ್ದೆಗೆಟ್ಟು ಅತ್ತೆಯನ್ನು ಕಾಯುವ ಹೆಣ್ಣುಮಗಳ ಮೇಲೆ ಇಂಥ ಅಪವಾದ ಹೊರಿಸುವುದು ಅನ್ಯಾಯ. ಕಾಯಿಲೆ ಎಲ್ಲಿಂದ ಬರುತ್ತದೆಂದು ತಿಳಿದರೆ ಈ ಅನ್ಯಾಯವಾದರೂ ನಿಲ್ಲುತ್ತದೆ.

ಹಾಗಾದರೆ ಎಲ್ಲಿಂದ ಬರುತ್ತದೆ? 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಔಗುಸ್ತೆ ಎಂಬ ಮಹಿಳೆಯನ್ನು ಕರೆತಂದರು. ಆಕೆಗೆ ಆಗ 51 ವರ್ಷ. ನೆನಪು ಹೋಗಿತ್ತು, ಗಂಡನ ಮೇಲೆ ಸಂಶಯವಿತ್ತು, ತನ್ನ ಹೆಸರು ಬರೆಯಲೂ ತಡವರಿಸುತ್ತಿದ್ದಳು. ಆಕೆಯನ್ನು ನೋಡಿದ ವೈದ್ಯರ ಹೆಸರು ಅಲೋಯಿಸ್ ಆಲ್ಝೈಮರ್. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಅವರು ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನರಕೋಶಗಳ ನಡುವೆ ಒಂದು ಬಗೆಯ ಗಸಿ ಶೇಖರವಾಗಿತ್ತು, ಕೋಶಗಳ ಒಳಗೆ ನೂಲು ಸಿಕ್ಕಾದಂತೆ ಗಂಟುಗಳಿದ್ದವು. ಆ ಗಸಿ ಅಮಿಲಾಯ್ಡ್ ಎಂಬ ಪ್ರೋಟೀನು, ಆ ಗಂಟು ಟಾವ್ ಎಂಬ ಪ್ರೋಟೀನು ಎಂದು ಮುಂದೆ ತಿಳಿದುಬಂತು. ಇವು ಹೆಚ್ಚಿದಂತೆ ನರಕೋಶಗಳ ನಡುವಣ ಸಂಪರ್ಕ ಕಡಿದು, ಕೋಶಗಳು ಸಾಯುತ್ತ ಬರುತ್ತವೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಶೇಖರಣೆ ಹೊರಗೆ ಲಕ್ಷಣ ಕಾಣುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಆರಂಭವಾಗಿರುತ್ತದೆ. ಅಂದರೆ ಎಪ್ಪತ್ತರಲ್ಲಿ ಕಾಣುವ ಮರೆವಿನ ಬೀಜ ಐವತ್ತರಲ್ಲಿ ಬಿದ್ದಿರುತ್ತದೆ. ಇಲ್ಲಿ ಕುಳಿತಿರುವ ಮೂವತ್ತು ನಲವತ್ತರ ಪ್ರಾಯದ ತಾವು ಈ ಮಾತನ್ನು ಕೇಳಬೇಕಾದದ್ದು ಅದಕ್ಕಾಗಿಯೇ.

ಕಾರಣಗಳನ್ನು ಎರಡು ಪಾಲು ಮಾಡಬಹುದು: ನಮ್ಮ ಕೈಯಲ್ಲಿ ಇಲ್ಲದವು, ನಮ್ಮ ಕೈಯಲ್ಲಿ ಇರುವವು.

ಕೈಯಲ್ಲಿ ಇಲ್ಲದ ಮೊದಲನೆಯ ಕಾರಣ ವಯಸ್ಸು. 65 ದಾಟಿದ ಮೇಲೆ ಸುಮಾರು ಐದು ವರ್ಷಕ್ಕೊಮ್ಮೆ ಅಪಾಯ ಇಮ್ಮಡಿಯಾಗುತ್ತ ಹೋಗುತ್ತದೆ. ಆದರೂ ತೊಂಬತ್ತು ದಾಟಿ ನಿಚ್ಚಳ ನೆನಪಿರುವ ಹಿರಿಯರು ನಮ್ಮ ಊರುಗಳಲ್ಲಿ ಇದ್ದಾರೆ, ಆದ್ದರಿಂದ ವಯಸ್ಸೊಂದೇ ಕಾರಣವಲ್ಲ. ಎರಡನೆಯದು ವಂಶ. "ನಮ್ಮ ತಂದೆಗಿತ್ತು, ನನಗೂ ಬಂದೇ ಬರುತ್ತದೆಯೆ?" ಎಂದು ಹಲವರು ಕೇಳುತ್ತಾರೆ. ತಂದೆ ತಾಯಿಯಿಂದ ನೇರವಾಗಿ ಬರುವ, ನಲವತ್ತು ಐವತ್ತರಲ್ಲೇ ಕಾಣಿಸಿಕೊಳ್ಳುವ ಬಗೆಯೊಂದಿದೆ. ಅದು ರೋಗಿಗಳಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಉಳಿದವರಲ್ಲಿ ಅಪೋ-ಇ ನಾಲ್ಕು ಎಂಬ ಜೀನು ಅಪಾಯವನ್ನು ಹೆಚ್ಚಿಸುತ್ತದೆ, ಆದರೆ ಅದು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಇಲ್ಲದವರಿಗೆ ಬರುವುದೇ ಇಲ್ಲ ಎಂದೂ ಇಲ್ಲ. ಡೌನ್ ಸಿಂಡ್ರೋಮ್ ಇರುವವರಿಗೆ ಈ ಕಾಯಿಲೆ ಬೇಗ ಬರುವ ಸಂಭವ ಹೆಚ್ಚು. ಇಷ್ಟು ವಂಶದ ಮಾತು. ಶಾಪ, ಮಾಟ, ಪೂರ್ವಜನ್ಮದ ಪಾಪ ಇವು ಯಾವ ಪಟ್ಟಿಯಲ್ಲೂ ಇಲ್ಲ.

ನಮ್ಮ ದೇಶದಲ್ಲಿ 60 ವರ್ಷ ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ, ಓದಿದವರಿಗಿಂತ ಓದದವರಲ್ಲಿ ಹೆಚ್ಚು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಅದಕ್ಕೆ ಮತ್ತೆ ಬರುತ್ತೇನೆ.

ಇನ್ನು ನಮ್ಮ ಕೈಯಲ್ಲಿ ಇರುವ ಕಾರಣಗಳು. ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ಇಂಥ 14 ಕಾರಣಗಳನ್ನು ಪಟ್ಟಿ ಮಾಡಿತು. ಇವೆಲ್ಲವನ್ನೂ ನಿವಾರಿಸಲು ಸಾಧ್ಯವಾದರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಲೆಕ್ಕ. ಇದು ಇಡೀ ಜನಸಮೂಹದ ಲೆಕ್ಕವೇ ಹೊರತು ಒಬ್ಬ ವ್ಯಕ್ತಿಗೆ ಕೊಟ್ಟ ಭರವಸೆಯಲ್ಲ. ಎಲ್ಲ ನೇಮ ಪಾಲಿಸಿದವರಿಗೂ ಕಾಯಿಲೆ ಬಂದೀತು. ಆದರೂ ನೂರಕ್ಕೆ 45 ಸಣ್ಣ ಸಂಖ್ಯೆಯಲ್ಲ.

ಆ ಪಟ್ಟಿಯನ್ನು ನಮ್ಮ ಮನೆಗಳಿಗೆ ಹೊಂದಿಸಿ ನೋಡೋಣ. ಬಾಲ್ಯದ ಕಾರಣ ಒಂದೇ, ವಿದ್ಯಾಭ್ಯಾಸದ ಕೊರತೆ. ನಡುವಯಸ್ಸಿನ ಕಾರಣಗಳು ಹತ್ತು: ಕಿವಿ ಮಂದವಾಗುವುದು, ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್, ಖಿನ್ನತೆ, ತಲೆಗೆ ಪೆಟ್ಟು, ದೈಹಿಕ ಶ್ರಮವಿಲ್ಲದಿರುವುದು, ಸಕ್ಕರೆ ಕಾಯಿಲೆ, ಧೂಮಪಾನ, ರಕ್ತದೊತ್ತಡ, ಬೊಜ್ಜು, ಅತಿಯಾದ ಮದ್ಯಪಾನ. ಮುಪ್ಪಿನ ಕಾರಣಗಳು ಮೂರು: ಒಂಟಿತನ, ಗಾಳಿಯ ಮಾಲಿನ್ಯ, ಕಣ್ಣು ಕಾಣದಿರುವುದು.

ಇವುಗಳಲ್ಲಿ ನಮ್ಮ ಓಣಿಗೆ ಬಾರದ್ದು ಯಾವುದಿದೆ? ಹಡಗುಕಟ್ಟೆಯಲ್ಲಿ, ಕಲ್ಲು ಕ್ವಾರಿಯಲ್ಲಿ, ಯಂತ್ರದ ಸದ್ದಿನ ನಡುವೆ ವರ್ಷಗಟ್ಟಲೆ ದುಡಿದವರ ಕಿವಿ ನಲವತ್ತೈದಕ್ಕೇ ಮಂದವಾಗುತ್ತದೆ. ಕಿವಿ ಕೇಳಿಸದವರು ಮಾತು ಬಿಡುತ್ತಾರೆ, ಮಾತು ಬಿಟ್ಟವರ ಮೆದುಳಿಗೆ ಕೆಲಸ ಕಡಿಮೆಯಾಗುತ್ತದೆ. ಆ ಆಯೋಗದ ಲೆಕ್ಕದಲ್ಲಿ ಕಿವಿ ಮತ್ತು ಕೊಲೆಸ್ಟರಾಲ್ ತಲಾ ನೂರಕ್ಕೆ 7, ಅವೇ ಎಲ್ಲಕ್ಕಿಂತ ದೊಡ್ಡ ಪಾಲು. ಕಟ್ಟಡದ ಕೆಲಸದಲ್ಲಿ ಟೊಪ್ಪಿಗೆಯಿಲ್ಲದೆ ನಿಂತವರಿಗೆ, ಹೆಲ್ಮೆಟ್ಟಿಲ್ಲದೆ ಮೋಟಾರು ಸೈಕಲ್ ಓಡಿಸುವವರಿಗೆ ಬೀಳುವ ಪೆಟ್ಟು ಅಂದಿಗೆ ವಾಸಿಯಾದಂತೆ ಕಂಡರೂ ಮುಪ್ಪಿನಲ್ಲಿ ಲೆಕ್ಕ ಕೇಳಬಹುದು. ಸಂಜೆಯ ದಣಿವಿಗೆಂದು ಆರಂಭವಾಗುವ ಕುಡಿತ ಎಲ್ಲಿ ನಿಲ್ಲುತ್ತದೆಂದು ನಾನು ತಾಯಂದಿರಿಗೆ ಹೇಳಬೇಕಾಗಿಲ್ಲ. ಸಕ್ಕರೆ, ರಕ್ತದೊತ್ತಡ ನೋವು ಕೊಡದ ಕಾಯಿಲೆಗಳು, ಆದ್ದರಿಂದಲೇ ಪರೀಕ್ಷೆ ಮಾಡಿಸದೆ ವರ್ಷಗಳು ಕಳೆಯುತ್ತವೆ. ಸೂಕ್ಷ್ಮವಾದ ಧೂಳು ಮತ್ತು ಹೊಗೆ ಮೆದುಳಿಗೂ ಹಾನಿಯೆಂಬುದು ಸೌದೆ ಒಲೆಯ ಮುಂದೆ ಕುಳಿತವರಿಗೆ, ಕಲ್ಲಿದ್ದಲ ಧೂಳಿನ ಬಗ್ಗೆ ದೂರುತ್ತ ಬಂದಿರುವ ವಾಸ್ಕೋದವರಿಗೆ ತಿಳಿದಿರಬೇಕಾದ ಸಂಗತಿ. ಕಣ್ಣಿನ ಪೊರೆಯನ್ನು ಸಣ್ಣ ಶಸ್ತ್ರಚಿಕಿತ್ಸೆಯಿಂದ ತೆಗೆಸಬಹುದು. ಅದನ್ನು "ಇನ್ನು ಮುದುಕರಿಗೇಕೆ" ಎಂದು ಬಿಡುವುದು ಸರಿಯಲ್ಲ.

ಈಗ ಶಾಲೆಯ ಮಾತಿಗೆ ಬರುತ್ತೇನೆ. ಬಾಲ್ಯದಲ್ಲಿ ಓದಿದರೆ ಮುಪ್ಪಿನಲ್ಲಿ ಮೆದುಳಿಗೆ ಹೇಗೆ ಲಾಭ? ಗೋವೆಯವರಾದ ನಮಗೆ ಇದನ್ನು ಸೇತುವೆಯ ಉದಾಹರಣೆಯಿಂದ ತಿಳಿಯುವುದು ಸುಲಭ. 1986ರ ಜುಲೈಯಲ್ಲಿ ಪಣಜಿಯ ಮಾಂಡವಿ ಸೇತುವೆ ಕುಸಿದುಬಿತ್ತು. ಜನರಿಗೆ ಬಹಳ ತೊಂದರೆಯಾಯಿತು, ಆದರೂ ಫೆರಿ ದೋಣಿಗಳಿದ್ದುದರಿಂದ ದಾಟುವುದು ನಿಲ್ಲಲಿಲ್ಲ. ಒಂದೇ ದಾರಿಯಿರುವ ಊರಿಗೆ ಆ ದಾರಿ ಮುರಿದರೆ ಎಲ್ಲವೂ ನಿಂತಿತು. ನಾಲ್ಕು ದಾರಿಯಿರುವ ಊರು ಒಂದು ಮುರಿದರೂ ಬಹುಕಾಲ ನಡೆಯುತ್ತದೆ. ಓದು, ಬರಹ, ಲೆಕ್ಕ, ಬಾಯಿಪಾಠ, ಕಥೆ ಹೇಳುವುದು ಇವೆಲ್ಲ ಮಗುವಿನ ಮೆದುಳಿನಲ್ಲಿ ಹೆಚ್ಚಿನ ದಾರಿಗಳನ್ನು ನಿರ್ಮಿಸುತ್ತವೆ. ಮುಂದೆ ಕಾಯಿಲೆ ಬಂದು ಒಂದೆರಡು ದಾರಿ ಕೆಟ್ಟರೂ ಉಳಿದವುಗಳಿಂದ ಕೆಲಸ ಸಾಗುತ್ತದೆ. ಇದನ್ನು ವಿಜ್ಞಾನಿಗಳು ಮೆದುಳಿನ ಮೀಸಲು ಶಕ್ತಿ ಎನ್ನುತ್ತಾರೆ.

ಇದಕ್ಕೆ ಅಮೆರಿಕದ ಒಂದು ಪ್ರಸಿದ್ಧ ಅಧ್ಯಯನವಿದೆ. 1986ರಲ್ಲಿ ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿ ಕ್ರೈಸ್ತ ಸನ್ಯಾಸಿನಿಯರನ್ನು ಕುರಿತು ಅಧ್ಯಯನ ಆರಂಭಿಸಿದರು. ಕಾಲಕ್ರಮದಲ್ಲಿ 678 ಮಂದಿ ಅದರಲ್ಲಿ ಸೇರಿದರು. ಅವರಲ್ಲಿ ಕೆಲವರು ಮಠ ಸೇರುವಾಗ, ಇಪ್ಪತ್ತರ ಆಸುಪಾಸಿನಲ್ಲಿ, ತಮ್ಮ ಜೀವನವನ್ನು ಕುರಿತು ಒಂದು ಪುಟ ಬರೆದಿದ್ದರು. ಅರವತ್ತು ವರ್ಷಗಳ ಬಳಿಕ ನೋಡಿದಾಗ, ಯಾರ ಬರಹದಲ್ಲಿ ವಿಚಾರಗಳು ತುಂಬಿದ್ದವೋ ಅವರಲ್ಲಿ ಮರೆವಿನ ಕಾಯಿಲೆ ಕಡಿಮೆಯಿತ್ತು. ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿದಾಗ, ಕೆಲವರ ಮೆದುಳಿನಲ್ಲಿ ಗಸಿ, ಗಂಟು ಸಾಕಷ್ಟಿದ್ದರೂ ಬದುಕಿರುವಾಗ ಅವರು ಚೆನ್ನಾಗಿಯೇ ಇದ್ದರೆಂದು ತಿಳಿಯಿತು. ಮಗು ಬರೆಯುವ ಒಂದು ಪುಟದ ಪ್ರಬಂಧವನ್ನು ಹಗುರವಾಗಿ ಕಾಣಬಾರದೆಂದು ಶಿಕ್ಷಕನಾದ ನನಗೆ ಇದರಿಂದ ತೋರುತ್ತದೆ.

ಇದನ್ನು ಕೇಳಿ ತಮ್ಮಲ್ಲಿ ಕೆಲವರಿಗೆ ಮನಸ್ಸಿಗೆ ಕಷ್ಟವಾಗಬಹುದು. "ನಾವು ಸಾಲಿಗೆ ಹೋಗಲಿಲ್ಲ ಸರ್, ಸಣ್ಣವರಿದ್ದಾಗಲೇ ದುಡಿಯಲಿಕ್ಕೆ ಬಂದೆವು. ನಮ್ಮ ಗತಿ ಏನು?" ಎಂದು ಕೇಳಬಹುದು. ಅದಕ್ಕೆ ಉತ್ತರ ನಮ್ಮ ನೆರೆಯ ಹೈದರಾಬಾದಿನಿಂದ ಬಂದಿದೆ. ಅಲ್ಲಿನ ನಿಜಾಮ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಡಿಮೆನ್ಷಿಯಾ ಇರುವ 648 ರೋಗಿಗಳ ವಿವರಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಡಾ. ಅಲ್ಲಾಡಿ ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು. ಆ 648 ಮಂದಿಯಲ್ಲಿ ಒಂದೇ ಭಾಷೆ ಆಡುವವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ಅಂತರ ಕಂಡುಬಂತು.

ತಾಯಂದಿರೆ, ತಮ್ಮಲ್ಲಿ ಎಷ್ಟು ಜನ ಅಕ್ಷರ ಕಲಿಯದೆ ಮೂರು ಭಾಷೆ ಆಡುತ್ತೀರಿ! ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕೊಂಕಣಿ, ಕೆಲಸದಲ್ಲಿ ಹಿಂದಿ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿಗಳಿಂದ ಬಂದು ಝುವಾರಿನಗರದಲ್ಲೋ ಮಡಗಾಂವ್‌ನಲ್ಲೋ ಮಾಪುಸಾದಲ್ಲೋ ಸಂಸಾರ ಹೂಡಿದ ತಾವು ದಿನವೂ ಮಾಡುತ್ತಿರುವುದು ಮೆದುಳಿನ ಕಸರತ್ತೇ. ಅದನ್ನು ಕೀಳೆಂದು ತಿಳಿಯಬೇಡಿ. ಆದರೆ ಸತ್ಯವನ್ನು ಅಳತೆ ಮೀರಿ ಹೇಳಬಾರದು. ಎರಡು ಭಾಷೆ ಬಂದವರಿಗೆ ಕಾಯಿಲೆ ಬರುವುದೇ ಇಲ್ಲವೆಂದು ಆ ಅಧ್ಯಯನ ಹೇಳಲಿಲ್ಲ, ತಡವಾಗಿ ಕಾಣಿಸಿಕೊಂಡಿತೆಂದು ಹೇಳಿತು. ಬೇರೆ ಕಡೆ ನಡೆದ ಅಧ್ಯಯನಗಳೆಲ್ಲವೂ ಅದರೊಡನೆ ಒಪ್ಪಿಲ್ಲ. ಎರಡರಾಚೆ ಮೂರನೆಯ ನಾಲ್ಕನೆಯ ಭಾಷೆಯಿಂದ ಹೆಚ್ಚಿನ ಲಾಭವೂ ಅಲ್ಲಿ ಕಾಣಲಿಲ್ಲ.

ಇದರಿಂದ ಪಾಲಕರು ತೆಗೆದುಕೊಳ್ಳಬೇಕಾದ ಪಾಠ ಹೀಗಿದೆ. ಮಗು ಕೊಂಕಣಿ, ಇಂಗ್ಲಿಷ್ ಕಲಿಯಬೇಕೆಂದು ಮನೆಯಲ್ಲಿ ಕನ್ನಡ ಬಿಡಿಸುವ ಅಗತ್ಯವಿಲ್ಲ. ಎರಡು ಭಾಷೆ ಮಗುವಿಗೆ ಹೊರೆಯೆಂಬುದು ತಪ್ಪು ತಿಳುವಳಿಕೆ. ಹಾಗೆಯೇ ನಾವು ಕನ್ನಡಿಗರೆಂದು ಕೊಂಕಣಿಯಿಂದ ದೂರವಿರುವುದೂ ಬೇಡ. 1987ರ ರಾಜಭಾಷಾ ಕಾಯ್ದೆಯ ಪ್ರಕಾರ ಕೊಂಕಣಿ ಈ ರಾಜ್ಯದ ಭಾಷೆ, ನಮಗೆ ಅನ್ನ ಕೊಟ್ಟ ನೆಲದ ಭಾಷೆ. ಅದನ್ನು ಚೆನ್ನಾಗಿ ಕಲಿಯೋಣ. ಕನ್ನಡವನ್ನು ಓದಿ ಬರೆಯುವ ಮಟ್ಟಕ್ಕೆ ಉಳಿಸಿಕೊಳ್ಳೋಣ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. ಆದರೆ ಆ ವಿಧಿ ಪ್ರಾಥಮಿಕ ಹಂತಕ್ಕೆ ನಿಲ್ಲುತ್ತದೆ. ಮರೆವಿನಿಂದ ರಕ್ಷಣೆಯ ಮಾತು ಬಂದಾಗ ತಜ್ಞರು ಹೇಳುವುದು ಪ್ರೌಢಶಾಲೆಯ ತನಕದ ಓದು. ಪ್ರಾಥಮಿಕ ಮುಗಿದು ಮಾಧ್ಯಮ ಬದಲಾಗುವ ಹೊತ್ತಿಗೆ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಶಾಲೆ ಬಿಡುವ ಅಪಾಯವಿದೆ. ಆ ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು.

ಇಲ್ಲಿಯೇ ಒಂದು ಕಠಿಣವಾದ ಮಾತನ್ನು ಹೇಳಬೇಕಾಗಿದೆ. ಮನೆಯಲ್ಲಿ ಅಜ್ಜಿಗೆ ಮರೆವು ಬಂದರೆ ಆಕೆಯನ್ನು ಕಾಯಲು ಒಬ್ಬರು ಬೇಕು. ತಂದೆ ತಾಯಿ ಇಬ್ಬರೂ ದುಡಿಯುವ ಮನೆಯಲ್ಲಿ ಆ ಒಬ್ಬರು ಯಾರು? ಬಹಳ ಸಲ ಆರನೆಯ ಏಳನೆಯ ತರಗತಿಯ ಹುಡುಗಿ. ಮೊದಲು ವಾರಕ್ಕೊಂದು ದಿನ ಗೈರುಹಾಜರಿ, ಆಮೇಲೆ ಎರಡು ದಿನ, ಕೊನೆಗೆ ಹೆಸರೇ ಹಾಜರಿ ಪುಸ್ತಕದಿಂದ ಹೋಗುತ್ತದೆ. ಆ ಹುಡುಗಿಯ ಓದು ನಿಂತಿತೆಂದರೆ ಅವಳ ಮುಪ್ಪಿಗೂ ಅದೇ ಅಪಾಯವನ್ನು ಇಂದೇ ಬರೆದಿಟ್ಟಂತಾಯಿತು. ಅಜ್ಜಿ ಶಾಲೆಗೆ ಹೋಗಲಿಲ್ಲ, ಅದಕ್ಕೆ ಆಕೆಯ ಅಪಾಯ ಹೆಚ್ಚಾಯಿತು. ಅಜ್ಜಿಯನ್ನು ಕಾಯಲು ಮೊಮ್ಮಗಳು ಶಾಲೆ ಬಿಟ್ಟರೆ ಆ ಸರಪಳಿಗೆ ಇನ್ನೊಂದು ಕೊಂಡಿ ಸೇರಿತು. ಅದನ್ನು ಕಡಿಯುವುದು ನಮ್ಮ ಕೈಯಲ್ಲಿದೆ. 6ರಿಂದ 14 ವರ್ಷದ ಮಗುವಿನ ಶಿಕ್ಷಣ 2002ರ ತಿದ್ದುಪಡಿಯಿಂದ ಸಂವಿಧಾನದ ಮೂಲಭೂತ ಹಕ್ಕು, ಅದಕ್ಕೆ 2009ರ ಕಾಯ್ದೆಯ ಬಲವೂ ಇದೆ. ಮನೆಯಲ್ಲಿ ಇಂಥ ಕಷ್ಟವಿದ್ದರೆ ಹುಡುಗಿಯನ್ನು ಬಿಡಿಸುವ ಮುನ್ನ ದಯವಿಟ್ಟು ಶಿಕ್ಷಕರಿಗೆ ತಿಳಿಸಿ. ಸರದಿಯಂತೆ ನೆರೆಮನೆಯವರು ಒಂದೊಂದು ಗಂಟೆ ಕುಳಿತುಕೊಳ್ಳುವ ಏರ್ಪಾಡನ್ನು ಒಂದೇ ಓಣಿಯ ಐದಾರು ಮನೆಗಳು ಸೇರಿ ಮಾಡಬಹುದು.

ಇಂಥ ನೆರೆಹೊರೆಯ ನೆರವಿಗೆ ಬೆಲೆಯಿದೆಯೆಂದು ಗೋವೆಯಲ್ಲಿಯೇ ಸಿದ್ಧವಾಗಿದೆ. ಡಾ. ಅಮಿತ್ ಡಯಾಸ್ ಮತ್ತು ಸಂಗಡಿಗರು ಇಲ್ಲಿನ 81 ಕುಟುಂಬಗಳಲ್ಲಿ ನಡೆಸಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ರೋಗಿಯ ಮನೆಗೆ ಹೋಗಿ, ಕಾಯಿಲೆ ಏನೆಂದು ವಿವರಿಸಿ, ಸ್ನಾನ ಊಟ ನಿದ್ದೆಯ ತೊಡಕುಗಳನ್ನು ನಿಭಾಯಿಸುವುದು ಹೇಗೆಂದು ತೋರಿಸಿದರು. ಆರು ತಿಂಗಳಲ್ಲಿ ಆರೈಕೆ ಮಾಡುವವರ ಮಾನಸಿಕ ಆರೋಗ್ಯ ಸುಧಾರಿಸಿತು. ಅವರೇ 2019ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ಗೋವೆಯ 181 ಹಿರಿಯರ ಖಿನ್ನತೆಯನ್ನು ಕುರಿತದ್ದು. ವೈದ್ಯರಲ್ಲದ ಸಲಹೆಗಾರರು ಮಾತುಕತೆ, ನಿದ್ದೆ, ಆರೋಗ್ಯದ ಕಾಳಜಿ ಇವುಗಳಲ್ಲಿ ನೆರವಾದ ಗುಂಪಿನಲ್ಲಿ ಒಂದು ವರ್ಷದೊಳಗೆ ನೂರಕ್ಕೆ ಸುಮಾರು 4 ಜನರಿಗೆ ತೀವ್ರ ಖಿನ್ನತೆ ಬಂತು. ಆ ನೆರವು ಸಿಗದ ಗುಂಪಿನಲ್ಲಿ ನೂರಕ್ಕೆ ಸುಮಾರು 14. ಖಿನ್ನತೆ ಆ ಹದಿನಾಲ್ಕರ ಪಟ್ಟಿಯಲ್ಲಿ ಒಂದು ಎಂಬುದನ್ನು ಮರೆಯಬೇಡಿ.

ಒಂಟಿತನದ ಬಗ್ಗೆ ನಾವು ವಿಶೇಷವಾಗಿ ಯೋಚಿಸಬೇಕು. ಊರಿನಲ್ಲಿ ಹೊಲ, ಕಟ್ಟೆ, ಗುಡಿ, ಭಜನೆ, ನೂರು ಜನರ ಮಾತಿನ ನಡುವೆ ಬದುಕಿದ ತಾಯಿಯನ್ನು ಮಗ ಪ್ರೀತಿಯಿಂದಲೇ ಗೋವೆಗೆ ಕರೆತರುತ್ತಾನೆ. ಇಲ್ಲಿ ಒಂದು ಕೋಣೆ, ಹೊರಗೆ ತಿಳಿಯದ ಭಾಷೆ. ಮಗ ಸೊಸೆ ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆಗೆ ಬರುವವರು. ಆಕೆಯೊಡನೆ ಕನ್ನಡದಲ್ಲಿ ಮನಸಾರೆ ಮಾತನಾಡುವವರು ಯಾರು? ಮಧ್ಯಾಹ್ನ ಶಾಲೆಯಿಂದ ಬರುವ ಮೊಮ್ಮಗು. ಆ ಮಗುವಿಗೆ ಕನ್ನಡ ಓದಲು ಬಂದರೆ ಅಜ್ಜಿಗೆ ಪಾಠದ ಕಥೆ ಓದಿ ಹೇಳುತ್ತದೆ, ಅಜ್ಜಿ ಮರಳಿ ಒಗಟು ಹೇಳುತ್ತಾಳೆ, ಸೋಬಾನೆ ಹಾಡುತ್ತಾಳೆ. ಮಗುವಿಗೆ ಕನ್ನಡ ಬಾರದಿದ್ದರೆ ಆ ಕೊನೆಯ ಕಿಟಕಿಯೂ ಮುಚ್ಚಿತು. ಕನ್ನಡ ಶಾಲೆ ಉಳಿಯಬೇಕೆಂದು ನಾವು ಮನವಿ ಕೊಡುವಾಗ ಮಕ್ಕಳ ಭವಿಷ್ಯದ ಜೊತೆಗೆ ಈ ಹಿರಿಯರ ಮಾತನ್ನೂ ಸೇರಿಸಬೇಕೆಂದು ನನ್ನ ವಿನಂತಿ.

ಇನ್ನೊಂದು ಹಕ್ಕಿನ ವಿಷಯವಿದೆ. ಮರೆವಿನ ಪರೀಕ್ಷೆಗೆ ರಕ್ತ ತೆಗೆದರೆ ಸಾಲದು, ಮಾತಿನ ಪರೀಕ್ಷೆ ಮಾಡುತ್ತಾರೆ. ಇಂದು ಯಾವ ವಾರ, ಈ ಮೂರು ಶಬ್ದ ನೆನಪಿಟ್ಟು ಹೇಳಿ, ಈ ಕಥೆ ಕೇಳಿ ತಿರುಗಿ ಹೇಳಿ ಎಂದು ಕೇಳುತ್ತಾರೆ. ಕನ್ನಡವೊಂದೇ ಬಲ್ಲ, ಅಕ್ಷರ ಕಲಿಯದ ತಾಯಿಯನ್ನು ಬೇರೆ ಭಾಷೆಯಲ್ಲಿ ಕೇಳಿದರೆ, ಆಕೆಗೆ ಭಾಷೆ ತಿಳಿಯದ್ದೇ ಮರೆವೆಂದು ಲೆಕ್ಕವಾದೀತು. ಅಥವಾ ನಿಜವಾದ ಮರೆವು "ಭಾಷೆ ಬರುವುದಿಲ್ಲ ಪಾಪ" ಎಂಬ ನೆಪದಲ್ಲಿ ಮುಚ್ಚಿಹೋದೀತು. ನಂತರ ಕಲಿತ ಭಾಷೆ ಮೊದಲು ಮಸುಕಾಗಿ ತಾಯ್ನುಡಿ ಹೆಚ್ಚು ಕಾಲ ಉಳಿಯುವುದೂ ಅನೇಕ ರೋಗಿಗಳಲ್ಲಿ ಕಂಡುಬಂದಿದೆ. ಆದ್ದರಿಂದ ಮೂವತ್ತು ವರ್ಷ ಕೊಂಕಣಿ ಆಡಿದವರಿಗೂ ಕನ್ನಡದಲ್ಲಿ ಪರೀಕ್ಷೆ ಬೇಕಾಗಬಹುದು. ಇದು ಆಗದ ಕೆಲಸವೇನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಮತ್ತು ಕನ್ನಡ ಈ ಐದು ಭಾಷೆಗಳಲ್ಲಿ ಇಂಥ ಪರೀಕ್ಷೆಗಳನ್ನು ಸಿದ್ಧಪಡಿಸಲಾಗಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ಸಾವಿರಾರು ಗ್ರಾಮೀಣರನ್ನು ವರ್ಷಾನುಗಟ್ಟಲೆ ಪರೀಕ್ಷಿಸುವ ಅಧ್ಯಯನ ಕೈಗೊಂಡಿದೆ. ಹಳ್ಳಿಯ ಜನರನ್ನು ಅವರ ನುಡಿಯಲ್ಲೇ ಪರೀಕ್ಷಿಸಬಹುದೆಂಬುದಕ್ಕೆ ಇದೇ ಸಾಕ್ಷಿ. ಗೋವೆಯಲ್ಲಿ ಬಾಂಬೋಲಿಯ ಗೋವಾ ವೈದ್ಯಕೀಯ ಕಾಲೇಜಿಗೋ ಅಲ್ಲಿನ ಮನೋವೈದ್ಯಕೀಯ ಸಂಸ್ಥೆಗೋ ಹಿರಿಯರನ್ನು ಕರೆದೊಯ್ಯುವಾಗ, ಕನ್ನಡ ಬಲ್ಲವರು ಜೊತೆಗಿರಲಿ ಎಂದು ವಿನಯದಿಂದಲೇ ಕೇಳಿ. ಮಗುವನ್ನು ದುಭಾಷಿಯಾಗಿ ಕರೆದೊಯ್ಯಬೇಡಿ. ಅಜ್ಜಿಗೆ ಅವಮಾನವಾಗದಿರಲಿ ಎಂದು ಮಗು ತಾನೇ ಸರಿ ಉತ್ತರ ಹೇಳಿಬಿಡುತ್ತದೆ.

ವೈದ್ಯರ ಬಳಿ ಬೇಗ ಹೋಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಮರೆವಿನಂತೆ ಕಾಣುವ ಎಲ್ಲವೂ ಆಲ್ಝೈಮರ್ ಅಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಸೋಂಕು, ಕೆಲವು ಮಾತ್ರೆಗಳ ಅಡ್ಡಪರಿಣಾಮ ಇವುಗಳಿಂದಲೂ ಬುದ್ಧಿ ಮಂಕಾಗುತ್ತದೆ. ಇವಕ್ಕೆ ಚಿಕಿತ್ಸೆ ಉಂಟು. ಆಲ್ಝೈಮರ್ ಎಂದೇ ತಿಳಿದುಬಂದರೆ ಅದನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ, ಲಕ್ಷಣಗಳನ್ನು ಸ್ವಲ್ಪ ಕಾಲ ಹತೋಟಿಯಲ್ಲಿಡುವ ಔಷಧಿಗಳಿವೆ. "ನೆನಪು ಮರಳಿಸುವ ಟಾನಿಕ್" ಎಂಬ ಜಾಹೀರಾತಿಗೆ ಹಣ ಸುರಿಯಬೇಡಿ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416. ಆರೈಕೆ ಮಾಡಿ ದಣಿದವರು ಅಲ್ಲಿಗೆ ಕರೆ ಮಾಡಿ ಕನ್ನಡದಲ್ಲಿ ಮಾತನಾಡಲು ಕೇಳಬಹುದು.

ಕೊನೆಯದಾಗಿ ಪಾಲಕರಲ್ಲಿ ನನ್ನ ಬೇಡಿಕೆಗಳು ಐದು. ನಲವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ತಂಬಾಕು, ಕುಡಿತ ಬಿಡಿ, ಹೆಲ್ಮೆಟ್ ಹಾಕಿ. ಹಿರಿಯರಲ್ಲಿ ಮರೆವು ಹೆಚ್ಚಿದರೆ ಅರಳು ಮರಳು ಎನ್ನದೆ ವೈದ್ಯರಿಗೆ ತೋರಿಸಿ, ಕನ್ನಡದಲ್ಲಿ ಪರೀಕ್ಷೆ ಕೇಳಿ. ಆರೈಕೆಗಾಗಿ ಯಾವ ಹುಡುಗಿಯನ್ನೂ ಶಾಲೆಯಿಂದ ಬಿಡಿಸಬೇಡಿ. ಮತ್ತು ದಿನಕ್ಕೆ ಅರ್ಧ ಗಂಟೆ ಮಗು ಅಜ್ಜ ಅಜ್ಜಿಯರ ಬಳಿ ಕುಳಿತು ಕನ್ನಡ ಪುಸ್ತಕ ಗಟ್ಟಿಯಾಗಿ ಓದಲಿ. ತಿಂಗಳಿಗೊಂದು ಶನಿವಾರ ಹಿರಿಯರನ್ನು ಶಾಲೆಗೇ ಕರೆಸಿ ಮಕ್ಕಳಿಗೆ ಕಥೆ ಹೇಳಿಸುವ ಕಾರ್ಯಕ್ರಮವನ್ನು ಪಾಲಕ ಶಿಕ್ಷಕ ಸಂಘ ಕೈಗೆತ್ತಿಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ಬಿನ್ನವಿಸುತ್ತೇನೆ. ಅದಕ್ಕೆ ಸರ್ಕಾರದ ಆದೇಶವಾಗಲಿ ಅನುದಾನವಾಗಲಿ ಬೇಕಿಲ್ಲ, ಒಂದು ಜಮಖಾನೆ ಸಾಕು.